ಬ್ಯಾಗಿನ್ಯಾಗಿನ ಗಾಳಿ

ರುಕ್ಮವ್ವಗ ಮೊಣಕಾಲ ನೋವಿತ್ತು ಅಂದ್ರ ಅದು ಸಣ್ಣ ಮಾತು. ಹುಬ್ಬಳ್ಳಿಯ ಒಂದ ನರ್ಸಿಂಗ್ ಹೋಮಿನ ಆಪರೇಷನ್ ಥೇಟರಿನ್ಯಾಗ ಇಪ್ಪತ್ತೆರಡ ವರ್ಷ ಆಯಾ ಆಗಿ ನಿಂತ ನಿಂತ, ಈಗ ಕುಂತ್ರೂ ನಿಂತಂಗ ಅನಸ್ತಿತ್ತು. ಬೈರಿದೇವರಕೊಪ್ಪದಿಂದ ಬಸ್ಸಿನ್ಯಾಗ ಜೋತಬಿದ್ದ ಬರೂದು, ನೆಲಾ ಒರಸೂದು, ರಕ್ತದ ಬಟ್ಟಿ ನೆನಿ ಹಾಕೂದು. ಹಬ್ಬಿಲ್ಲ, ಹುಣ್ಣಿವಿಲ್ಲ. ಮ್ಯಾಲ ಇನ್ನೊಂದು ರೂಢಿ: ಥೇಟರಿನ್ಯಾಗ ಆಯಾ ಬಾಯಿ ತೆರೀಬಾರದು. ಯಾರೂ ಬರದ ಹಚ್ಚಿದ್ದಿಲ್ಲ, ಆದ್ರ ಎಲ್ಲಾರಿಗೂ ಗೊತ್ತಿತ್ತು.

ಆ ರೂಢಿನ ಎರಡ ವರ್ಷದ ಹಿಂದ, 2003ರಾಗ, ಕುಸುಗಲ್ಲಿನ ಫಕೀರವ್ವನ ಬಾಳು ಹಾಳ ಮಾಡಿತ್ತು.

ಹೊಟ್ಟಿ ಕೊಯ್ಯದ, ಗ್ಯಾಸ್ ತುಂಬಿ, ಸಣ್ಣ ತೂತ ಮಾಡಿ, ಟಿವ್ಯಾಗ ನೋಡಕೋತ ಗರ್ಭಕೋಶ ತಗಿಯೂದು ಆಗಿನ್ನೂ ಹೊಸಾದು. ಫಕೀರವ್ವಗ ಆ ಆಪರೇಷನ್ ನಡದಾಗ, ಆಕಿ ಉಚ್ಚಿ ಕೂಡೂ ಯೂರಿನ್ ಬ್ಯಾಗು ಗಾಳಿ ತುಂಬಿ ಉಬ್ಬಿದ್ದನ್ನ ರುಕ್ಮವ್ವ ಒಬ್ಬಾಕಿನ ನೋಡಿದ್ಲು. ಯಾರರ ನೋಡಿ ಬೈದಾರು ಅಂತ, ಚೊಕ್ಕ ಮಾಡೂ ಚಟದಾಗ, ಬಾಯಿ ತೆರೀದ ಬ್ಯಾಗಿನ ಕೆಳಗಿನ ನಳ ತಿರುವಿ ಗಾಳಿ ಬಿಟ್ಟಳು. ಮುಗೀತು. ಎಂಟ ದಿನಕ್ಕ ಫಕೀರವ್ವ ವಾಪಸ್ ಬಂದ್ಲು, ಸೀರಿ ತೋಯ್ದಿತ್ತು, ಉಚ್ಚಿ ತಡದ ನಿಲ್ಲತಿದ್ದಿಲ್ಲ. ಮೂತ್ರಕೋಶಕ್ಕ ತೂತ ಬಿದ್ದಿತ್ತು. ಹೊಟ್ಟಿಯೊಳಗಿನ ಗ್ಯಾಸ್ ಆ ತೂತಿನಿಂದ ಬ್ಯಾಗಿಗೆ ಬರತೈತಿ, ಅವತ್ತ ಯಾರರ ಬ್ಯಾಗ್ ನೋಡಿದ್ರ ಅಲ್ಲೇ ಹೊಲದ ಬಿಡತಿದ್ವಿ ಅಂತ ಆಪರೇಷನ್ ಮಾಡಿದ್ದ ಡಾಕ್ಟರ್ ಭುವನೇಶ್ವರಿ ಮೇಡಂ ಸಿಸ್ಟರಗೋಳಿಗೆ ಹೇಳಿದ್ದು ರುಕ್ಮವ್ವನ ಕಿವಿಗೆ ಬಿತ್ತು. ಎರಡನೇ ಆಪರೇಷನ್ ಆಗೂತನಕ ಮೂರು ತಿಂಗಳು ಫಕೀರವ್ವನ ಮನಿಯವರು ಆಕಿ ಹಾಸಿಗಿ ದನದ ಕೊಟ್ಟಗಿಯಾಗ ಹಾಕಿದ್ರು. ದವಾಖಾನಿಗೆ ಬಂದಾಗೆಲ್ಲಾ ರುಕ್ಮವ್ವ ಆಕಿ ಅರಬಿ ಒಗದ್ಲು, ಆದ್ರ ಖರೇ ಸಂಗ್ತಿ ಯಾರ ಮುಂದೂ ಬಿಚ್ಚಲಿಲ್ಲ. ಹೇಳಿದ್ರ ಕೆಲಸ ಹೋಗೂದು, ಹೌದಿಲ್ಲೋ?

ಈಗ ಅದ ಆಪರೇಷನ್ನಿಗೆ ಟೇಬಲ್ ಮ್ಯಾಲ ನವನಗರದ ಸಿತಾರಾ ಮಲಗಿದ್ಲು, ಮೂವತ್ತೊಂಬತ್ತ ವರ್ಷದ ಸಾಲಿ ಟೀಚರು. ಎರಡ ಹೆರಿಗಿ ಸಿಸೇರಿಯನ್. "ಹಳೇ ಹೊಲಿಗಿಗೆ ಮೂತ್ರಕೋಶ ಅಂಟಕೊಂಡೈತಿ, ಸಾವಕಾಶ ಬಿಡಸೂಣು" ಅಂದ್ರು ಮೇಡಂ. ಒಂದ ತಾಸಾತು. ರುಕ್ಮವ್ವನ ಕಣ್ಣು ಬ್ಯಾಗ್ ಬಿಟ್ಟ ಅಲ್ಲಾಡಲಿಲ್ಲ. ಎರಡ ವರ್ಷದಿಂದ ಆಕಿ ಇದನ್ನ ಮಾಡಕೋತ ಬಂದಿದ್ಲು, ಬ್ಯಾಸರಿಕಿ ಬಂದ್ರೂ.

ಬ್ಯಾಗು ಮೆಲ್ಲಕ ಉಬ್ಬಾಕ ಹತ್ತಿತು.

ಕೈ ತಾನ ನಳದ ಕಡೆ ಹೋತು. ಹಿಂದಕ ತಗೊಂಡ್ಲು.

"ಮೇಡಂ, ಬ್ಯಾಗಿನ್ಯಾಗ ಗಾಳಿ ಬರಾಕತ್ತೈತ್ರಿ."

"ಏ ರುಕ್ಮವ್ವ, ಸುಮ್ನಿರ" ಅಂದ್ಲು ಸಿಸ್ಟರ್.

"ಸುಮ್ಮ ಇರಂಗಿಲ್ರಿ! ಒಮ್ಮೆ ಸುಮ್ಮಿದ್ದದ್ದ ಸಾಕಾಗೇತಿ. ಒಂದೀಟ ನೋಡ್ರಿ ಮೇಡಂ."

ಭುವನೇಶ್ವರಿ ಕೈ ತಡದು ಬ್ಯಾಗ್ ನೋಡಿದ್ರು. ಆಮ್ಯಾಲ ಕ್ಯಾಮೆರಾ ತಿರುಗಿಸಿ ಹುಡಿಕಿದ್ರು. ಅಕ್ಕಿ ಕಾಳಿನಷ್ಟ ತೂತು. ಅಲ್ಲೇ ಎರಡ ಪದರ ಹೊಲದು, ಮೂತ್ರಕೋಶಕ್ಕ ನೀಲಿ ಬಣ್ಣದ ನೀರ ತುಂಬಿ ಸೋರಂಗಿಲ್ಲಂತ ಖಾತ್ರಿ ಮಾಡಕೊಂಡು ಆಪರೇಷನ್ ಮುಗಿಸಿದ್ರು. ಹತ್ತ ದಿನ ಉಚ್ಚಿ ಹೋಗೂ ಕೊಳವಿ, ಕ್ಯಾಥಿಟರ್, ಇದ್ರ ಸಾಕು, ಸಿತಾರಾ ಮತ್ತ ಸಾಲಿಗೆ ಹೋಗಬಹುದಿತ್ತು.

ಕೈ ತೊಳಿಯೂ ಜಾಗಾದಾಗ ಮೇಡಂ ಕೇಳಿದ್ರು, "ನಿನಗಿದು ಯಾರ ಕಲಿಸ್ಯಾರ?"

"ಕುಸುಗಲ್ಲಿನ ಫಕೀರವ್ವ ಕಲಿಸ್ಯಾಳ್ರಿ" ಅಂದ್ಲು ರುಕ್ಮವ್ವ. ನಳ ತಿರುವಿದ್ದು, ಗಾಳಿ ಬಿಟ್ಟದ್ದು, ಎಲ್ಲಾ ಹೇಳಿದ್ಲು. "ಕೆಲಸದಿಂದ ತಗದ್ರೂ ತಗೀರಿ. ಇನ್ನ ಹೊತಗೊಂಡ ತಿರಗಾಕ ನನ್ನಿಂದ ಆಗಂಗಿಲ್ಲ."

ಮೇಡಂ ನೀರ ಬಂದ್ ಮಾಡಿದ್ರು.

"ಅವತ್ತ ಬ್ಯಾಗ್ ನೋಡೂದು ನನ್ನ ಕೆಲಸಾಗಿತ್ತು ರುಕ್ಮವ್ವ, ನಿಂದಲ್ಲ" ಅಂದ್ರು. "ಐತವಾರ ಕುಸುಗಲ್ಲಿಗೆ ಹೋಗೂಣು. ಇಬ್ಬರೂ ಆಕಿ ಮುಂದ ಹೇಳೂಣು."

ರುಕ್ಮವ್ವ ಅಲ್ಲೇ ಹಸಿ ನೆಲದ ಮ್ಯಾಲ ಕುಂತು ಅತ್ತಳು. ಇಪ್ಪತ್ತೆರಡ ವರ್ಷದಾಗ ಆ ನೆಲದ ಮ್ಯಾಲ ಆಕಿ ಕುಂತದ್ದು ಅದ ಮೊದಲು.