ಬಾಗಿಲಾಚೆಯ ಮಖಮಲ್ಲು

ಮಗ ಬಾಗಿಲ ಕೆಳಗಿನ ಸಂದಿಯಿಂದ ತಳ್ಳಿದ್ದು ಮಕ್ಕಳು ಬಣ್ಣ ತುಂಬುವ ಪುಸ್ತಕ. ಅದರ ಹಿಂದೆಯೇ ಒಂದೊಂದಾಗಿ ಬಣ್ಣದ ಪೆನ್ಸಿಲ್ಲುಗಳು ಉರುಳಿಕೊಂಡು ಬಂದವು.

“ಇದೇನೋ ಇದು?” ಎಂದಳು ಕತ್ತರಿಯಮ್ಮ ಒಳಗಿನಿಂದ.

“ಮನಸ್ಸಿಗೆ ಒಳ್ಳೇದಂತೆ ಅಮ್ಮ. ಒಬ್ಬರೇ ಇರೋರು ಬಣ್ಣ ತುಂಬ್ತಾ ಕೂತ್ರೆ ತಲೆ ಹಗುರ ಆಗುತ್ತಂತೆ.”

“ನನ್ನ ತಲೆ ಭಾರ ಆಗಿದೆ ಅಂತ ನಿನಗೆ ಹೇಳಿದ್ಯಾರು?”

“ನೀನು ಕೂಗ್ತಿರೋದು ನಾಲ್ಕು ಮನೆಗೆ ಕೇಳಿಸ್ತಿದೆ. ಯಾರಾದ್ರೂ ಹೇಳಬೇಕಾ?”

ಅವಳ ಕೈಯಲ್ಲಿ ಸದಾ ಕತ್ತರಿ ಇರುತ್ತಿದ್ದುದರಿಂದ ಆ ಹೆಸರು ಬಂತೋ, ಬಾಯಲ್ಲಿದ್ದುದರಿಂದಲೋ ಎಂಬುದನ್ನು ಬೀದಿಯವರು ಇನ್ನೂ ತೀರ್ಮಾನಿಸಿಲ್ಲ. ದರ್ಜಿಯಾಗಿದ್ದ ಗಂಡ ಬದುಕಿದ್ದಾಗ ಗುಂಡಿ ಹಾಕುವುದು, ಕಾಜ ಮಾಡುವುದು ಅಷ್ಟೇ ಅವಳ ಪಾಲಿನ ಕೆಲಸ. ಅವನು ಮೆತ್ತನೆಯ ಮನುಷ್ಯ. ಗಿರಾಕಿಗಳು ಹೊಲಿದ ಬಟ್ಟೆಯನ್ನು ಮೂರು ಸಲ ಬಿಚ್ಚಿಸಿದರೂ ನಗುತ್ತಲೇ ಬಿಚ್ಚುತ್ತಿದ್ದ. ಅವನು ಹೋದ ಮೇಲೆ ಅದೇ ಮಷೀನಿನ ಮುಂದೆ ಅವಳು ಕೂತಳು. ಮೊದಲ ವಾರವೇ ಒಬ್ಬ ಗಿರಾಕಿ, ಹೆಂಗಸಿನ ಕೈಗೆ ಕೋಟು ಕೊಡಲಾರೆ ಎಂದ. ಅವನ ಕೋಟನ್ನು ಬೀದಿಗೆ ಎಸೆದಳು. ಮರುವಾರ ಅದೇ ಕೋಟು ಹಿಡಿದು ಅವನೇ ಬಂದ. ಅಂದಿನಿಂದ ಅವಳು ಅತ್ತದ್ದನ್ನು ಕಂಡವರಿಲ್ಲ, ಬೈದದ್ದನ್ನು ಕೇಳದವರಿಲ್ಲ. ಆ ಸಿಟ್ಟಿನ ಮೇಲೆಯೇ ಮನೆ ನಡೆಯಿತು, ಮಗ ಓದಿದ, ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದ, ಮದುವೆಯಾದ. ಸೊಸೆ ಬಂದು ಎರಡನೆಯ ಮಷೀನಿನ ಮುಂದೆ ಕೂತಳು.

ಊರೆಲ್ಲ ಸುತ್ತಿದ ಜ್ವರ ಇನ್ನೇನು ಇಳಿಯಿತು ಎನ್ನುವಾಗ ಕತ್ತರಿಯಮ್ಮನನ್ನು ಹಿಡಿಯಿತು. ಬಂದ ಹೊತ್ತಾದರೂ ಎಂಥದ್ದು! ಬಹುಕಾಲ ಮುಚ್ಚಿದ್ದ ರಂಗಮಂದಿರ ಮುಂದಿನ ವಾರ ಭಾನುವಾರ ತೆರೆಯಲಿತ್ತು. ಅದರ ಹೊಸ ಪರದೆ ಇವಳದೇ ಕೆಲಸ. ಕಡುಗೆಂಪು ಮಖಮಲ್ಲು, ಪಕ್ಕಪಕ್ಕ ಜೋಡಿಸಬೇಕಾದ ನಾಲ್ಕು ಉದ್ದ ಪಟ್ಟಿಗಳು, ಕೆಳಗಂಚಿಗೆ ಅಲೆ ಅಲೆಯ ಆಕಾರ. ಮೈ ಬಿಸಿಯಾಗುತ್ತಿದ್ದ ಸಂಜೆಯೇ ಹಟ ಹಿಡಿದು ನಾಲ್ಕನ್ನೂ ಕತ್ತರಿಸಿ ಮುಗಿಸಿದ್ದಳು. ವೇದಿಕೆಯ ಅಕ್ಕಪಕ್ಕದ ಸಾದಾ ಪರದೆಗಳ ಬಟ್ಟೆ ಇನ್ನೂ ರಂಗಮಂದಿರದಲ್ಲೇ ಇತ್ತು. ಮೊದಲು ಮುಂದಿನದು ತೂಗಲಿ, ಆಮೇಲೆ ಉಳಿದದ್ದು ಎಂದಿದ್ದ ಅಲ್ಲಿನ ಮ್ಯಾನೇಜರ್.

ಮರುದಿನ ಬೆಳಿಗ್ಗೆ ಜ್ವರ ಉಳಿದವರಿಗೆ ಹರಡದಿರಲೆಂದು ಮಗ ಅವಳನ್ನು ಅಂಗಡಿಯ ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಹಾಕಿದ. ಒಂದು ಮಂಚ, ಒಂದು ಕುರ್ಚಿ, ಚಿಂದಿ ತುಂಬಿದ ಚೀಲ, ಹಿಂದಿನ ಮನೆಯ ಗೋಡೆಯ ಕಡೆಗೆ ತೆರೆಯುವ ಕಿಟಕಿ. ಗೋಡೆಯ ಮೇಲೆ ತುಕ್ಕು ಹಿಡಿದ ಕೊಳವೆ. ನೋಡಲು ಇದ್ದದ್ದು ಅದೊಂದೇ.

ಮಗ ಕೆಟ್ಟವನಲ್ಲ. ಅದೇ ಅವಳ ಹೊಟ್ಟೆ ಉರಿಸುತ್ತಿದ್ದುದು. ಬೆಳಗಾದರೆ ಫೋನಿಗೆ ಜಲಪಾತದ ವಿಡಿಯೋ. ಮಧ್ಯಾಹ್ನ ಉಸಿರಾಟದ ಪಾಠ. ಸಂಜೆ, “ಅಮ್ಮ, ಇವತ್ತು ಖುಷಿ ಕೊಟ್ಟ ಮೂರು ಸಂಗತಿ ನೆನಪು ಮಾಡ್ಕೋ.” ಒಮ್ಮೆ ಅವಳು ಕಣ್ಣು ಮುಚ್ಚಿ, ಪಾಠದಲ್ಲಿ ಹೇಳಿದಂತೆಯೇ ಉಸಿರು ಎಳೆದು ನೋಡಿದಳು. ಎಳೆದಾಗ ಸಿಟ್ಟು ಬಂತು. ಬಿಟ್ಟಾಗ ಹೋಗಲಿಲ್ಲ.

ಅವಳನ್ನು ಎದ್ದು ಕೂರಿಸಿದ್ದು ಬಾಗಿಲಾಚೆಯ ಸದ್ದು. ಹಲಗೆಯ ಬಾಗಿಲಿನ ಆಚೆಗೇ ಅಂಗಡಿ. ಸೊಸೆ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಿದ್ದಳು. ಉದ್ದದ ಹೊಲಿಗೆ, ಏಕನಾದ. ಆಮೇಲೆ ಮಷೀನು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಪಿಟ್, ಪಿಟ್ ಎಂದು ದಾರ ಕಡಿಯುವ ಸದ್ದು.

“ಏನೇ ಬಿಚ್ತಿದ್ದೀಯ?”

“ಏನಿಲ್ಲ ಅತ್ತೆ.”

“ಏನಿಲ್ಲದ್ದಕ್ಕೆ ಬ್ಲೇಡ್ ಯಾಕೆ?”

“ಹೊಲಿಗೆ ಸ್ವಲ್ಪ ಸೊಟ್ಟ ಬಂತು.”

“ನೆಟ್ಟಗೆ ಬಂದಿದ್ರೆ ಊರಿಗೆಲ್ಲ ಹೇಳಬಹುದಿತ್ತು.”

ಮರುದಿನ ಮತ್ತೆ ಹೊಲಿಗೆ, ಮತ್ತೆ ಮೌನ, ಮತ್ತೆ ಬ್ಲೇಡು. ಕತ್ತರಿಯಮ್ಮ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದು ಹಲಗೆಗೆ ಕಿವಿಯಿಟ್ಟು ಕೂತಳು. ಮಲಗಿಕೊಂಡು ಬೈದರೆ ದನಿ ಏಳುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಏಳತೊಡಗಿದಳು. ಮುಖ ತೊಳೆದು, ತಲೆ ಬಾಚಿ, ಗಂಟಲು ಸರಿಮಾಡಿಕೊಂಡು ಕೂರುವಳು. ಕೈಯಲ್ಲಿರುವುದು ಬೆರಳೋ ಬಾಳೆಗೊನೆಯೋ ಎಂದಳು. ಇಷ್ಟು ವರ್ಷ ಕಲಿಸಿದ್ದನ್ನು ಗೋಡೆಗೆ ಕಲಿಸಿದ್ದರೆ ಅದು ಇಷ್ಟು ಹೊತ್ತಿಗೆ ಪ್ಯಾಂಟು ಹೊಲಿಯುತ್ತಿತ್ತು ಎಂದಳು. ಜ್ವರ ಇಳಿದಿತ್ತು, ಹಸಿವೂ ಆಗುತ್ತಿತ್ತು. ಅದನ್ನು ಗಮನಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಮಗನಿಗೆ ಕೇಳಿಸಿದ್ದು ಬೈಗುಳ ಮಾತ್ರ. “ಇಷ್ಟು ಕೋಪ ಒಳ್ಳೇದಲ್ಲ ಅಮ್ಮ. ಮನಸ್ಸನ್ನ ಬೇರೆ ಕಡೆ ತಿರುಗಿಸು,” ಎಂದ. ಅವಳ ಮನಸ್ಸನ್ನು ತಾನೇ ತಿರುಗಿಸುವ ಏರ್ಪಾಟನ್ನೂ ಮಾಡಿದ. ಮರುದಿನ ಅವಳು ಬಾಗಿಲಿಗೆ ಕಿವಿಯಿಟ್ಟಾಗ ಆಚೆಗೆ ಏನೂ ಕೇಳಿಸಲಿಲ್ಲ. ಮಷೀನಿಲ್ಲ, ಕತ್ತರಿಯಿಲ್ಲ, ಬ್ಲೇಡೂ ಇಲ್ಲ.

ಮಧ್ಯಾಹ್ನದವರೆಗೂ ಕಾದಳು. ಆಮೇಲೆ ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆ ಬೈಯಲಿಲ್ಲ. ಮಾರನೆಯ ದಿನವೂ ಬೈಯಲಿಲ್ಲ. ತಲೆ ಬಾಚಿಕೊಳ್ಳಲಿಲ್ಲ. ತಾನಿಲ್ಲದೆಯೂ ಪರದೆ ಆಗುತ್ತದೋ, ಆಗುವುದೇ ಇಲ್ಲವೋ, ಎರಡರಲ್ಲಿ ಯಾವುದು ನಿಜವಾದರೂ ತನ್ನನ್ನು ಯಾರೂ ಕೇಳುವುದಿಲ್ಲ ಎಂಬುದು ಎದೆಯ ಮೇಲೆ ಕೂತಿತ್ತು. ಅಮ್ಮ ಶಾಂತವಾಗಿದ್ದಾಳೆ ಎಂದು ಮಗ ಸಮಾಧಾನಪಟ್ಟ.

ಸೊಸೆಗೆ ಸಮಾಧಾನವಾಗಲಿಲ್ಲ. ಬಾಗಿಲ ಹೊರಗಿಟ್ಟ ಊಟದ ತಟ್ಟೆ ಇಟ್ಟ ಹಾಗೇ ಇತ್ತು.

“ಅತ್ತೆ, ಊಟ ಮುಟ್ಟಿಲ್ಲ ನೀವು.”

ಸೊಸೆ ಹಲಗೆ ತಟ್ಟಿದಳು.

“ಅತ್ತೆ, ಬೈಯೋದಾದ್ರೂ ಬೈರಿ.”

“ಮಷೀನೆಲ್ಲಿ?”

“ಅಡಿಗೆಮನೇಲಿ.”

“ಯಾಕೆ, ಅದೇನು ಅಡಿಗೆ ಕಲೀತಿದೆಯಾ?”

“ನಿಮಗೆ ಕೇಳಿಸಬಾರದು ಅಂತ ಇವರು ಎತ್ತಿಟ್ರು. ಕೇಳಿಸಿದ್ರೆ ನಿಮಗೆ ಸಿಟ್ಟು ಬರುತ್ತೆ ಅಂತ.”

“ನೀನು ಬಟ್ಟೆ ಹಾಳು ಮಾಡಿದ್ರೆ ಸಿಟ್ಟು ಬರದೆ ಇನ್ನೇನು...”

“ಹಾಳು ಮಾಡಿದ್ದು ನಾನಲ್ಲ!” ಸೊಸೆಯ ದನಿ ಹಲಗೆಗೆ ಬಡಿಯಿತು. ಆ ದನಿ ಅವಳಲ್ಲಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ನೀವು. ಎರಡು ಪಟ್ಟಿ ತಲೆಕೆಳಗೆ ಕತ್ತರಿಸಿದ್ದೀರಿ. ಜೋಡಿಸಿ ಮೆಟ್ಟಿಲ ಕಂಬಿ ಮೇಲೆ ತೂಗು ಹಾಕಿದಾಗ ನೋಡ್ದೆ. ಎರಡು ಕಡುಗೆಂಪು, ಎರಡು ಮಾಸಲು. ಅದಲು ಬದಲು ಮಾಡಿ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಮುಚ್ಚಿಡೋಕಾಗ್ತಿಲ್ಲ. ಅಮ್ಮನ ಮನಸ್ಸು ಕೆಡುತ್ತೆ, ಹೇಳಬೇಡ ಅಂದ್ರು ಇವರು. ಬೈಗುಳ ತಿನ್ನೋಕೆ ಮಾತ್ರ ನಾನು ಬೇಕು.”

ಕತ್ತರಿಯಮ್ಮ ಎದ್ದು ಕೂತಳು. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಒಂದು ಕಡೆಗೆ ಸವರಿದರೆ ನಯ, ಎದುರು ಸವರಿದರೆ ಒರಟು. ದಿಕ್ಕು ತಿರುಗಿದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಆ ಸಂಜೆ ತನ್ನ ಕೈ ಮಾಡಿದ್ದು ಈಗ ಕಣ್ಣಿಗೆ ಕಟ್ಟಿತು. ಸಾದಾ ಬಟ್ಟೆಯಾದರೆ ಅವಳು ಎರಡು ಪಟ್ಟಿಗಳನ್ನು ಪಾದಕ್ಕೆ ಪಾದ ತಾಗಿಸಿ, ನಡುವೆ ಒಂದೇ ಒಂದು ಅಲೆ ಕತ್ತರಿಸುತ್ತಾಳೆ. ಒಂದೇ ಏಟಿಗೆ ಎರಡಕ್ಕೂ ಅಂಚು. ಚೂರು ಬಟ್ಟೆ ಪೋಲಾಗುವುದಿಲ್ಲ. ಎಷ್ಟೋ ವರ್ಷಗಳ ರೂಢಿ. ಜ್ವರದ ಕೈ ರೂಢಿಯ ಹಿಂದೆ ಹೋಗಿ, ಪ್ರತಿ ಜೋಡಿಯಲ್ಲಿ ಒಂದರ ದಿಕ್ಕು ತಿರುಗಿಸಿತ್ತು.

“ತಪ್ಪು ನನ್ನದು,” ಎಂದಳು. ಆ ಮಾತಿನಲ್ಲೂ ಬೆಂಕಿಯಿತ್ತು. “ಅದನ್ನ ನನ್ನಿಂದ ಬಚ್ಚಿಡೋಕೆ ನೀವ್ಯಾರು? ಪರದೆ ಹಾಳಾಗಿ ಬಿದ್ದಿದೆ, ನನಗೆ ಜಲಪಾತ ತೋರಿಸ್ತಾನೆ! ಸತ್ತ ಮೇಲೆ ಬಚ್ಚಿಡಿ, ಆಗ ಕೇಳಲ್ಲ. ನೀನಾದ್ರೂ ಬಾಯಿ ಬಿಡಬಾರದಿತ್ತಾ? ನಾನು ಒಂದು ಅಂದ್ರೆ ನೀನು ಎರಡು ಅನ್ನಬೇಕಿತ್ತು.”

“ಈಗ ಅಂತಿದ್ದೀನಲ್ಲ.”

“ಸರಿ. ದಾರಿ ಏನಾದ್ರೂ ಹೊಳೀತಾ?”

“ಹೊಳೀತು. ಹಾಳಾದ ಎರಡರ ಅಲೆ ಕತ್ತರಿಸಿ ಹಾಕಿದ್ರೆ ಸಾದಾ ಪಟ್ಟಿ ಆಗುತ್ತೆ, ತಿರುಗಿಸಿ ಅಕ್ಕಪಕ್ಕಕ್ಕೆ ತೂಗಬಹುದು. ಅಕ್ಕಪಕ್ಕದ್ದು ಗಿಡ್ಡ ತಾನೆ. ಅದಕ್ಕೆ ಅಂತ ಇಟ್ಟಿರೋ ಬಟ್ಟೇಲಿ ಮುಂದಿನ ಎರಡು ಹೊಸದಾಗಿ ಕತ್ತರಿಸೋದು. ಆದ್ರೆ ಆ ಬಟ್ಟೆ ಮ್ಯಾನೇಜರ್ ಹತ್ರ ಇದೆ. ಎಲ್ಲ ಚೆನ್ನಾಗಿ ನಡೀತಿದೆ ಅಂತ ಇವರು ಹೇಳಿಬಿಟ್ಟಿದ್ದಾರೆ.”

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಒಳಗೆ ಫೋನು ಒತ್ತುವ ಸದ್ದು ಕೇಳಿ ಬಾಗಿಲಿಗೆ ಓಡಿ ಬಂದ. “ಅಮ್ಮ, ಬೇಡ. ಆ ಮನುಷ್ಯ ಬಾಯಿಗೆ ಬಂದ ಹಾಗೆ ಬೈತಾನೆ. ಇನ್ನೆರಡು ದಿನ ಸುಧಾರಿಸ್ಕೋ.”

“ಬೈಲಿ ಬಿಡು. ನಿನ್ನ ಹಾಗೆ ಲಾಲಿ ಹಾಡಲ್ಲವಲ್ಲ.”

ಮ್ಯಾನೇಜರನ ದನಿ ಹಲಗೆಯಾಚೆಗೂ ಕೇಳಿಸುವಷ್ಟು ದೊಡ್ಡದಿತ್ತು.

“ಎಲ್ಲ ಚೆನ್ನಾಗಿದೆ ಅಂದ್ರಲ್ಲ ನಿಮ್ಮ ಮಗ?”

“ಅವನು ಮಾತ್ರೆ ಮಾರೋನು. ಪರದೆ ವಿಷಯ ನನ್ನ ಕೇಳಿ. ಎರಡು ಪಟ್ಟಿ ತಲೆಕೆಳಗೆ ಕತ್ತರಿಸಿದ್ದೀನಿ.”

ಆತ ಬೈಯಲು ಶುರು ಮಾಡಿದ. ಕಣ್ಣು ಎಲ್ಲಿಟ್ಟಿದ್ದಿರಿ ಎಂದ. ಮಖಮಲ್ಲಿಗೂ ಗೋಣಿತಾಟಿಗೂ ವ್ಯತ್ಯಾಸ ತಿಳಿಯದವರಿಗೆ ಕೆಲಸ ಕೊಟ್ಟ ತನಗೆ ಬುದ್ಧಿಯಿಲ್ಲ ಎಂದ. ಭಾನುವಾರ ಜನ ಬಂದು ಕೂತಾಗ ಬೆಡ್‌ಶೀಟು ತೂಗು ಹಾಕಲೇ ಎಂದು ಕೇಳಿದ. ಜ್ವರ ಹೇಗಿದೆ ಎನ್ನಲಿಲ್ಲ, ದನಿ ತಗ್ಗಿಸಲಿಲ್ಲ, ವಯಸ್ಸು ನೋಡಲಿಲ್ಲ. ಕೇಳುತ್ತ ಕೇಳುತ್ತ ಕತ್ತರಿಯಮ್ಮನ ಬೆನ್ನು ನೆಟ್ಟಗಾಯಿತು. ಎಷ್ಟೋ ದಿನಗಳ ಮೇಲೆ ಒಬ್ಬರು ಅವಳನ್ನು ರೋಗಿಯೆಂದಲ್ಲ, ದರ್ಜಿಯೆಂದು ತಿಳಿದು ಮಾತಾಡಿಸಿದ್ದರು.

“ಬೆಡ್‌ಶೀಟಾದ್ರೂ ಅಂಚು ನಾನೇ ಹೊಲೀಬೇಕು,” ಎಂದಳು. “ಕೂಗಿದ್ದಾಯ್ತಾ? ಅಕ್ಕಪಕ್ಕದ ಬಟ್ಟೆ ಈಗಲೇ ಕಳಿಸಿ.”

“ಅದನ್ನೂ ಹಾಳು ಮಾಡೋಕಾ? ಕತ್ತರಿ ಇನ್ನೊಂದು ಸಲ ತಪ್ಪಿದ್ರೆ ಯಾರು ಹೊಣೆ?”

“ಹೊಣೆ ನಾನು. ಕತ್ತರಿ ಮಾತ್ರ ನನ್ನ ಸೊಸೆ ಕೈಲಿರುತ್ತೆ.”

“ಆ ಹುಡುಗಿ ಕೈಲಾಗುತ್ತಾ?”

“ನನ್ನ ತಪ್ಪು ಹಿಡಿದೋಳೇ ಅವಳು. ನಿಮ್ಮ ಕೈಲಾಗುತ್ತಿತ್ತಾ?”

ಮಧ್ಯಾಹ್ನ ಆಟೋದಲ್ಲಿ ಬಟ್ಟೆ ಬಂತು. ಅಷ್ಟು ಹೊತ್ತಿಗೆ ಮಗ ಗೊಣಗುತ್ತ ಮಷೀನನ್ನು ಅಡಿಗೆಮನೆಯಿಂದ ಎಳೆದು ತಂದು ಮೊದಲಿನ ಜಾಗದಲ್ಲಿ ಇಟ್ಟಿದ್ದ. ಕತ್ತರಿಯಮ್ಮ ಆರಿದ ಅನ್ನವನ್ನೇ ಉಂಡು, ಕುರ್ಚಿ ಎಳೆದುಕೊಂಡು ಬಾಗಿಲಿಗೆ ಕಿವಿಯಿಟ್ಟಳು. ಮೇಜಿನ ಮೇಲೆ ಬಟ್ಟೆ ಬಿಚ್ಚಿಕೊಂಡಿತು. ಸೊಸೆಯ ಅಂಗೈ ಅದರ ಮೇಲೆ ಒಮ್ಮೆ ಹೋಗಿ ಒಮ್ಮೆ ಬಂತು. ಕತ್ತರಿ ಮಾತ್ರ ಏಳಲಿಲ್ಲ.

ಕತ್ತರಿಯಮ್ಮ ಬಾಯಿ ತೆರೆದಳು. ಮುಚ್ಚಿಕೊಂಡಳು. ಇನ್ನೊಮ್ಮೆ ತೆರೆದಳು.

“ಬೈಬೇಕು ಅನ್ಸಿದ್ರೆ ಬೈರಿ ಅತ್ತೆ,” ಎಂದಿತು ಆಚೆಯ ದನಿ. “ನನಗೂ ಬಾಯಿದೆ.”

“ಬಟ್ಟೆ ನೋಡೇ ಮೊದಲು. ಬಾಯಿ ಆಮೇಲೆ.”

ಕತ್ತರಿ ಬಟ್ಟೆಯೊಳಗೆ ಇಳಿಯಿತು.