ವಿಜಯಧ್ವಜ ಮಹಾರಾಜನನ್ನು ಸಾಯಲು ಬಿಡದ ಮಂದಿ

ಬ್ಯಾಡಗಿಯ ಫಕ್ರುದ್ದೀನ ಸಾಯುವುದರಲ್ಲಿ ಹೆಸರು ಮಾಡಿದವನು. ಹಾವೇರಿಯಿಂದ ರಾಣೇಬೆನ್ನೂರಿನ ತನಕ ಯಾರನ್ನಾದರೂ ಕೇಳಿ ನೋಡಿ, “ಯಾರು, ಸಾಯೋ ಫಕ್ರುದ್ದೀನನಾ?” ಎಂದು ಮನೆಯವರೆಗೂ ಬಂದು ತೋರಿಸಿ ಹೋಗುತ್ತಾರೆ. ಮಳೆಗಾಲದಲ್ಲಿ ಅವನು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಉಳಿದ ಕಾಲದಲ್ಲಿ ಬೀರಲಿಂಗಪ್ಪನ ನಾಟಕ ಕಂಪನಿಯ ವಿಜಯಧ್ವಜ ಮಹಾರಾಜ.

ಹೆಸರು ವಿಜಯಧ್ವಜವಾದರೂ ಈ ಮಹಾರಾಜ ಗೆದ್ದದ್ದು ಏನೂ ಇಲ್ಲ. ಕೊನೆಯ ಅಂಕದಲ್ಲಿ ಸೇನಾಪತಿ ಹಿಂದಿನಿಂದ ಬಂದು ಇರಿಯುತ್ತಾನೆ. ಮಹಾರಾಜ ಹಾರ್ಮೋನಿಯಂ ಶ್ರುತಿ ಸರಿಯಾಗುವವರೆಗೆ ತಡೆದು, ಆಮೇಲೆ ಕುಸಿದು, “ಸಾಕಿನ್ನು ಈ ಲೋಕ, ಸಾಕಿದರ ಶೋಕ” ಎಂದು ಉದ್ದನೆಯ ಹಾಡೊಂದನ್ನು ಹಾಡಿ ಪ್ರಾಣ ಬಿಡುತ್ತಾನೆ. ಬೆನ್ನಲ್ಲಿ ಕತ್ತಿ ಇಟ್ಟುಕೊಂಡು ಅಷ್ಟು ಮೇಲಿನ ಸ್ವರಕ್ಕೆ ಏರುವುದು ಹೇಗೆಂದು ಇದುವರೆಗೆ ಯಾರೂ ಕೇಳಿಲ್ಲ. ಸೇನಾಪತಿಯಾಗುವವನು ಐರಣಿಯ ಗುಡ್ಡಪ್ಪ, ಹೊಳೆದಂಡೆಯ ಒಕ್ಕಲಿಗ, ಇರುವೆ ಕಂಡರೂ ಸುತ್ತುಹಾಕಿ ನಡೆಯುವ ಪೈಕಿ. ಇರಿದ ಮರುಗಳಿಗೆಗೆ ರಾಜನ ತಲೆ ಹಲಗೆಗೆ ಬಡಿಯದಿರಲೆಂದು ತನ್ನ ಕಾಲು ಚಾಚಿ ದಿಂಬು ಮಾಡುತ್ತಾನೆ. ಇಬ್ಬರೂ ಒಂದೇ ಬೈಕಿನ ಮೇಲೆ ಕ್ಯಾಂಪಿಗೆ ಬಂದು ಹೋಗುತ್ತಾರೆ.

ತಕರಾರು ಇದ್ದದ್ದು ಮಂದಿಯದು. ಹಾಡು ಮುಗಿದು ರಾಜ ಕಣ್ಣು ಮುಚ್ಚಿದನೋ ಇಲ್ಲವೋ, “ಒನ್ಸ್ ಮೋರ್!” ಎಂದು ಸೀಟಿ ಬೀಳುತ್ತದೆ. ಕಂಪನಿ ನಾಟಕದಲ್ಲಿ ಮಂದಿ ಕೇಳಿದರೆ ಮುಗಿಯಿತು, ಸತ್ತವನಾದರೂ ಏಳಲೇಬೇಕು. ಎದ್ದು, ಮತ್ತೆ ಇರಿತ ತಿಂದು, ಮತ್ತೆ ಹಾಡಿ ಸಾಯಬೇಕು. ಗುಡ್ಡಪ್ಪನ ರಟ್ಟೆ ನೋಯುವಷ್ಟು ಸಲ ಇದು ನಡೆಯುತ್ತದೆ. ಅದರ ನಡುವೆ ಆಹೇರಿ ಬೇರೆ. ಹಾಡು ಮೆಚ್ಚಿದವರು ಟವೆಲ್ಲು, ಪಟಗ, ತೆಂಗಿನಕಾಯಿ ಹಿಡಿದು ಸ್ಟೇಜು ಹತ್ತುತ್ತಾರೆ. ಹೆಣ ಎದ್ದು ಕೂತು, ಪಟಗ ಸುತ್ತಿಸಿಕೊಂಡು, ಕೈಮುಗಿದು, ಮತ್ತೆ ಮಲಗುತ್ತದೆ. ಬ್ಯಾಡಗಿಯಲ್ಲಿ ಪೇಟೆಯ ಪಕ್ಕವೇ ಟೆಂಟು ಹಾಕಿದ ವರ್ಷ ಮೆಣಸಿನಕಾಯಿ ಘಾಟಿಗೆ ಮಹಾರಾಜ ಸತ್ತಮೇಲೆ ಸೀನಿದ. ಅದಕ್ಕೂ ಒನ್ಸ್ ಮೋರ್ ಬಿತ್ತು.

ಫಕ್ರುದ್ದೀನನ ಸಂಕಟ ಬೇರೆಯೇ ಇತ್ತು. ಹಾಡು ಮುಗಿದ ಮೇಲೆ ಮುಚ್ಚಿದ ಮುಷ್ಟಿ ನಿಧಾನಕ್ಕೆ ಬಿಚ್ಚಬೇಕು, ಒಂದೊಂದೇ ಬೆರಳು, ಕಡೆಗೆ ಕಿರುಬೆರಳು. ರಾಜ್ಯ, ಸಂಪತ್ತು, ಮಕ್ಕಳು, ಎಲ್ಲವನ್ನೂ ಬಿಟ್ಟು ಹೋಗುತ್ತಿದ್ದಾನೆಂದು ಆ ಕೈಯೇ ಹೇಳಬೇಕು. ಇದು ಅವನೇ ಕಟ್ಟಿದ್ದು. ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳ ಮೇಲೆ ಅಂಗಾತ ಮಲಗಿ ಅಭ್ಯಾಸ ಮಾಡಿದ್ದ. ಚಳಿಗೆ ಬಿದ್ದನೆಂದು ಜೊತೆಯ ಹಮಾಲರು ಅವನನ್ನು ಎತ್ತಿ ಬಿಸಿಲಿಗೆ ಹಾಕಿದ್ದೂ ಉಂಟು. ಇಷ್ಟು ಪಾಡುಪಟ್ಟರೂ ಹೆಬ್ಬೆರಳು ಬಿಚ್ಚುವುದರೊಳಗೆ ಸೀಟಿ ಬೀಳುತ್ತಿತ್ತು. ಆ ಕಿರುಬೆರಳನ್ನು ನೋಡಿದವರು ಲೋಕದಲ್ಲಿ ಯಾರೂ ಇರಲಿಲ್ಲ.

ಹೆಂಡತಿ ಜೈತೂನಬಿಯಾದರೂ ನೋಡಬಹುದಿತ್ತು. ಆಕೆ ನಾಟಕ ನೋಡಿದ್ದು ಒಮ್ಮೆ ಮಾತ್ರ, ಮದುವೆಯಾದ ಹೊಸತರಲ್ಲಿ, ಹಾವೇರಿಯ ಕ್ಯಾಂಪಿನಲ್ಲಿ. ಗಂಡ ಹಾಡುತ್ತಾನೆಂದು ಹೇಳಿ ಕರೆತಂದಿದ್ದರು, ಸಾಯುತ್ತಾನೆಂದು ಯಾರೂ ಹೇಳಿರಲಿಲ್ಲ. ಗುಡ್ಡಪ್ಪ ಇರಿದ ಕೂಡಲೇ ಆಕೆ “ಯಾ ಅಲ್ಲಾ!” ಎಂದು ಚೀರಿ ಸ್ಟೇಜು ಹತ್ತಿದಳು. ಚಪ್ಪಲಿ ಬಿಚ್ಚಿ ಸೇನಾಪತಿಗೆ ಎರಡು ಬಿಟ್ಟು, ಗಂಡನ ಎದೆಯ ಮೇಲೆ ಬಿದ್ದು ಗೋಳಾಡಿದಳು. ಹೊಸ ರಾಣಿ ಪಾರ್ಟು ಜಬರ್ದಸ್ತ್ ಮಾಡುತ್ತಾಳೆಂದು ಮಂದಿ ಒನ್ಸ್ ಮೋರ್ ಕೂಗಿದರು. ಫಕ್ರುದ್ದೀನ ಎದ್ದು ಕೂತ. ಆ ಕೂಗಿಗೇ ಗಂಡ ಬದುಕಿದನೆಂಬುದು ಅವಳೊಳಗೆ ಕೂತುಬಿಟ್ಟಿತು. ನಾಟಕ ಅಂದರೇನೆಂದು ಆಮೇಲೆ ಎಲ್ಲರೂ ತಿಳಿಸಿ ಹೇಳಿದರು, ಆಕೆಯೂ ಹೂಂ ಎಂದಳು, ಆದರೆ ಮತ್ತೆ ಟೆಂಟಿನ ಕಡೆ ತಲೆ ಹಾಕಲಿಲ್ಲ.

ಈ ವರ್ಷ ಫಕ್ರುದ್ದೀನನ ಮೊಣಕಾಲು ಕೈಕೊಟ್ಟವು. ಕೂತರೆ ಏಳಲಾಗದು, ಬಿದ್ದರೆ ಕೇಳುವುದೇ ಬೇಡ. ರಾಣೇಬೆನ್ನೂರಿನ ಕ್ಯಾಂಪಿನಲ್ಲಿ ಭಾನುವಾರದ ಮಧ್ಯಾಹ್ನದ ಆಟವೇ ಅವನ ಕಡೆಯದೆಂದು ತೀರ್ಮಾನವಾಯಿತು.

“ಶಾಲು ಹೊದಸೂಣೇನೋ? ಬೆಳ್ಳಿ ಕಿರೀಟ?” ಎಂದು ಬೀರಲಿಂಗಪ್ಪ ಕೇಳಿದ.

“ಏನೂ ಬ್ಯಾಡ್ರಿ ಮಾಲಕರ. ಒಮ್ಮೆ ನೆಟ್ಟಗ ಸಾಯಾಕ ಬಿಡ್ರಿ, ಸಾಕು.”

ಬೀರಲಿಂಗಪ್ಪ ಮೂರು ದಿನ ಆಟೋದಲ್ಲಿ ಮೈಕು ಕಟ್ಟಿ ಊರು ತುಂಬ ಸಾರಿಸಿದ. “ಭಾನುವಾರ ಫಕ್ರುದ್ದೀನ ಖರೇನ ಸಾಯ್ತಾನ! ಆಹೇರಿ ಇಲ್ಲ, ಒನ್ಸ್ ಮೋರ್ ಇಲ್ಲ! ದಯಮಾಡಿ ಸಹಕರಿಸ್ರಿ!” ಇದನ್ನು ಅರ್ಧ ಕೇಳಿಸಿಕೊಂಡ ಬೀಗರು ಸಾವಾಯಿತೆಂದು ತಿಳಿದು ಬ್ಯಾಡಗಿಯ ಮನೆಗೆ ಮಾತಾಡಿಸಲು ಬಂದರು. ಜೈತೂನಬಿ ಅವರಿಗೆ ಚಹಾ ಕೊಟ್ಟು ಕಳಿಸಿ, ಗಂಡನ ಮೇಲೆ ಹರಿಹಾಯ್ದಳು.

“ಆಟೋದಾಗ ಡಂಗುರ ಹೊಡಸಿ ಸಾಯೋ ಹುಚ್ಚ ಎಲ್ಲೆರ ಇದ್ದಾನೇನ್ರಿ?”

“ಇದ ಕಡೇದು. ನೀನೂ ಬಾ ಈ ಸಲ.”

“ನೀವು ಸಾಯೂದ ನೋಡಾಕ ನಾ ಬರಂಗಿಲ್ಲ. ಸತ್ತಮ್ಯಾಲೆ ಲಗೂ ಮನೀಗೆ ಬರ್ರಿ, ಊಟ ಆರತೈತಿ.”

ಭಾನುವಾರ ಟೆಂಟು ಕಿಕ್ಕಿರಿದಿತ್ತು. ಗುಡ್ಡಪ್ಪ ಇರಿದ, ಕಾಲು ಚಾಚಿದ, ರಾಜನ ತಲೆ ಅದರ ಮೇಲೆ ಬಂತು. ಫಕ್ರುದ್ದೀನ ಹಾಡಿದ. ಹಾಡು ಮುಗಿಯಿತು. ಸೀಟಿಯಿಲ್ಲ. ಹೆಬ್ಬೆರಳು ಬಿಚ್ಚಿದ. ಕೆಮ್ಮೂ ಇಲ್ಲ. ಒಂದೊಂದೇ ಬೆರಳು ಬಿಚ್ಚಿ, ಕಡೆಗೆ ಕಿರುಬೆರಳನ್ನೂ ಬಿಚ್ಚಿ, ಕೈ ಹಲಗೆಯ ಮೇಲೆ ಚೆಲ್ಲಿದ. ಇಷ್ಟು ವರ್ಷ ಬಯಸಿದ್ದು ಕೈಗೂಡಿತೆಂದು ಅವನಿಗೆ ತುಂಬ ಸುಖವಾಯಿತು.

ಸುಖ ಬಹಳ ಹೊತ್ತು ಉಳಿಯಲಿಲ್ಲ. ಪರದೆ ಬೀಳಬೇಕಿತ್ತು, ಬೀಳಲಿಲ್ಲ. ಹಗ್ಗ ಹಿಡಿದವನು ಆ ಕೈಯನ್ನೇ ನೋಡುತ್ತ ಎಳೆಯುವುದು ಮರೆತಿದ್ದ. ಮಂದಿ ಆಟೋದಲ್ಲಿ ಕೇಳಿಕೊಂಡಂತೆ ಉಸಿರು ಬಿಗಿಹಿಡಿದು ಕೂತಿದ್ದರು. ಕಣ್ಣು ಮುಚ್ಚಿ ಮಲಗಿದ ಫಕ್ರುದ್ದೀನನಿಗೆ ಹೆದರಿಕೆ ಹತ್ತಿತು. ಎಲ್ಲರೂ ಎದ್ದು ಹೋದರೇ? ಸತ್ತಮೇಲೆ ಹೀಗೇ ಇರುತ್ತದೆಯೇ, ಯಾರೂ ಕರೆಯುವುದೇ ಇಲ್ಲವೇ? ಈಗ ಯಾರಾದರೂ ಒಬ್ಬರು ಕೂಗಲಿ ಎಂದು ಅವನ ಜೀವ ಬಾಯಿಗೆ ಬಂತು.

“ಒನ್ಸ್ ಮೋರ್!”

ಹೆಂಗಸರ ಕಡೆಯಿಂದ, ಕೊನೆಯ ಸಾಲಿನಿಂದ ಬಂದಿತ್ತು ಕೂಗು. ಊಟದ ಡಬ್ಬಿ ಎದೆಗೆ ಅವುಚಿಕೊಂಡು ಜೈತೂನಬಿ ಎದ್ದು ನಿಂತಿದ್ದಳು. ಸುತ್ತಲಿದ್ದವರು “ಶ್!” ಎಂದರು.

“ಏನ್ ಶ್? ನನ್ನ ಗಂಡ ಅಂವ! ಒನ್ಸ್ ಮೋರ್! ಏಳ್ರೀ!”

ಫಕ್ರುದ್ದೀನ ಏಳಲು ನೋಡಿದ. ಮೊಣಕಾಲು ಕೇಳಲಿಲ್ಲ, ಸೇನಾಪತಿ ರಟ್ಟೆ ಹಿಡಿದು ಎಬ್ಬಿಸಿ ಕೂಡಿಸಿದ. ಆಮೇಲೆ ರೂಢಿಯಂತೆ ಕತ್ತಿ ಎತ್ತಿ, ರಾಜನ ಕಿವಿಯಲ್ಲಿ ಕೇಳಿದ. “ಮತ್ತ ಇರೀಲೇನೋ?”

“ಗುಡ್ಡಪ್ಪಾ! ಕತ್ತಿ ಕೆಳಗಿಡು!” ಹಿಂದಿನ ಸಾಲಿನಿಂದ ಮತ್ತೆ ಅದೇ ದನಿ. “ಚಪ್ಪಲಿ ಇನ್ನೂ ನನ್ನ ಕಾಲಾಗ ಐತಿ!”

ಗುಡ್ಡಪ್ಪ ಕತ್ತಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ರಾಜನ ಪಕ್ಕದಲ್ಲೇ ಕೂತುಬಿಟ್ಟ. ಹಾರ್ಮೋನಿಯಂ ಶ್ರುತಿ ಹಿಡಿಯಿತು. ಮಹಾರಾಜ ಹೆಂಗಸರ ಕಡೆ ನೋಡುತ್ತ, ಸಾಕಿನ್ನು ಈ ಲೋಕ ಎಂದು ಮೊದಲಿನಿಂದ ಕಡೆಯವರೆಗೂ ಹಾಡಿದ. ಹಾಡು ಮುಗಿದ ಮೇಲೂ ಕೂತೇ ಇದ್ದ. ಜೈತೂನಬಿ ಡಬ್ಬಿ ಹಿಡಿದು ಸ್ಟೇಜಿನ ಮೆಟ್ಟಿಲು ಹತ್ತತೊಡಗಿದಳು.