ತಿರಾನಾಕ್ಕೆ ಹೊತ್ತು ತಂದ ತವರು

ತಂಗಿಯ ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುತ್ತ ಕೂತಿದ್ದೆ. ಹೊರಗಿನಿಂದ ಬೀಗ ತಿರುಗಿದ ಸದ್ದಾಯಿತು. ಗುರುತಿಲ್ಲದ ಮುದುಕಿಯೊಬ್ಬಳು ತನ್ನದೇ ಬೀಗದ ಕೈಯಿಂದ ಬಾಗಿಲು ತೆಗೆದು ಒಳಬಂದು, ನನ್ನ ಕೆಂಡದ ಮೇಲೆ ಬಕೆಟ್ ನೀರು ಸುರಿದಳು. ಅಲ್ಬೇನಿಯಾ ದೇಶದ ತಿರಾನಾ ನಗರಕ್ಕೆ ನಾನು ಬಂದ ಮರುದಿನವೇ ಇದು. ಎದೆ ಧಸಕ್ಕೆಂದಿತು. ಶಿವನ ದಯೆ, ಮಗುವಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಊರಲ್ಲಿ, ಬಿ.ಜಿ. ಕೆರೆಯ ನನ್ನ ಗಂಡನ ಮನೆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಆದರೂ ಕೂಗಿ ಕರೆಯದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಇಲ್ಲಿ ಬಾಗಿಲಿಗೆ ಬೀಗ. ಬೀಗದ ಕೈ ಮಾತ್ರ ನೆರೆಯವಳ ಹತ್ತಿರ.

ನಾನು ಇಲ್ಲಿಗೆ ಹೊರಟದ್ದು ತಂಗಿ ವಾಣಿಯ ಮೊದಲ ಹೆರಿಗೆಗೆ. ಅವಳ ಗಂಡ ಇಲ್ಲಿನ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದಾರೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ರಾಂಪುರದ ನಮ್ಮ ತವರಿನಲ್ಲಿ ಅವ್ವ ಇಲ್ಲ; ವಾಣಿಗೋ ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರು. ಹೀಗಾಗಿ ತವರೇ ಅವಳ ಹತ್ತಿರ ಹೋಗಬೇಕಾಯಿತು. ಪ್ರವಾಸದ ವೀಸಾದಲ್ಲಿ ಬಾಣಂತನ ಮುಗಿಯುವಷ್ಟು ಕಾಲ ಇರಲಾಗದು. ನಾನು ಮನೆಯಲ್ಲೇ ಕೂತು ಹೊರದೇಶದವರಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ. ಹೀಗೆ ಆನ್‌ಲೈನಿನಲ್ಲಿ ದುಡಿಯುವವರು ಇಲ್ಲಿದ್ದುಕೊಂಡೇ ತಮ್ಮ ಕೆಲಸ ಮುಂದುವರಿಸಲು ಬೇರೊಂದು ವೀಸಾ ಇದೆಯೆಂದು ವಾಣಿ ತಿಳಿಸಿದಳು. ದೇವರೇ ದಾರಿ ತೋರಿಸಿದ ಅಂದುಕೊಂಡು ಅರ್ಜಿ ಹಾಕಿದೆ.

ಕೆಲಸಕ್ಕೆ ಪುರಾವೆ ಕೇಳಿದಾಗ ಪಾಠ ಮಾಡುತ್ತಿರುವ ಫೋಟೊ ಕಳಿಸಿದೆ. ಪಾಠ ನಡೆಯುವುದು ದೇವರ ಕೋಣೆಯಲ್ಲಿ. ನಮ್ಮ ಮನೆಯಲ್ಲಿ ಸದ್ದಿಲ್ಲದ ಜಾಗ ಅದೊಂದೇ. ನನ್ನ ಹಿಂದೆ ದೀಪ, ಹಣೆಯಲ್ಲಿ ವಿಭೂತಿ, ಪರದೆಯಲ್ಲಿ ಕೈಮುಗಿದ ಶಿಷ್ಯ. ಆತ ಕನ್ನಡದ ಹುಡುಗಿಯನ್ನು ಮದುವೆಯಾಗಿ, ಅತ್ತೆಯ ಜತೆ ಮಾತಾಡಲೆಂದು ಕಲಿಯುತ್ತಿರುವ ಡಚ್ಚರ ಹುಡುಗ. ವಿಡಿಯೊ ಸಂದರ್ಶನದಲ್ಲಿ ವೀಸಾ ಕಚೇರಿಯಾಕೆ ಆ ಫೋಟೊ ತೋರಿಸಿ, ನೀವು ಧರ್ಮಪ್ರಚಾರಕರಾದರೆ ಈ ವೀಸಾ ನಿಮಗಲ್ಲ ಎಂದಳು. ನಾನು ಕಾಗುಣಿತ ಕಲಿಸುವವಳು ಎಂದು ಎಷ್ಟು ಹೇಳಿದರೂ, ಹೊಸ ಪುರಾವೆ ಸಿಗುವತನಕ ಅರ್ಜಿ ನಿಂತಿತು.

ದೇವರ ಮಂಟಪವನ್ನೇ ಪಕ್ಕಕ್ಕೆ ಸರಿಸಲು ಹೋದೆ. ಅತ್ತೆ ಕೈ ಹಿಡಿದುಕೊಂಡರು.

"ದೇವ್ರು ಯಾಕಮ್ಮ ಏಳಬೇಕು? ನೀನೇ ಎದ್ದು ಬಾ. ಶೇಂಗಾ ಕೋಣೆ ಐತಲ್ಲ."

ಚೀಲಗಳ ಮುಂದೆ ಕೂತು ಇನ್ನೊಂದು ಫೋಟೊ ತೆಗೆಸಿಕೊಂಡೆ. "ಈಗ ನಿನ್ನ ಶೇಂಗಾ ಏಜೆಂಟು ಅಂತಾರೆ ನೋಡು," ಎಂದು ಯಜಮಾನರು ನಕ್ಕರು.

ವೀಸಾ ಬಂತು, ತಡವಾಗಿ. ನಾನು ವಿಮಾನ ಹತ್ತುವ ಮೊದಲೇ ವಾಣಿಗೆ ಹೆಣ್ಣು ಮಗುವಾಗಿತ್ತು. ಅವಳಿಗೆ ನೋವು ಬಂದಾಗ ಗಂಡ ಕೆಲಸದಲ್ಲಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಉಳಿದದ್ದು ತಿಳಿದದ್ದು ಆ ಒದ್ದೆ ಬೂದಿಯನ್ನು ಒರೆಸುತ್ತಿದ್ದಾಗ.

"ಬೈಬೇಡ ಅಕ್ಕ. ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಆ ಅಜ್ಜೀನೇ. ಹೆರೋ ತನಕ ಕೈ ಬಿಡಲಿಲ್ಲ. ಅದಕ್ಕೇ ಬೀಗದ ಕೈ ಕೊಟ್ಟೀನಿ. ಹೊಗೆ ನೋಡಿ ಮನೆಗೆ ಬೆಂಕಿ ಹತ್ಕಂತು ಅಂದ್ಕಂಡವ್ರೆ."

ನಾನು ಶೇಂಗಾ ಚೀಲಗಳ ಮುಂದೆ ಕೂತಿದ್ದ ಹೊತ್ತಿನಲ್ಲಿ ಅವ್ವನ ಕೆಲಸವನ್ನು ಯಾರೋ ಮಾಡಿದ್ದರು.

ಸಂಜೆ ಆ ಅಜ್ಜಿ ಮತ್ತೆ ಬಂದರು. ಚಪ್ಪಲಿ ಹೊರಗೆ ಬಿಟ್ಟರು, ನಮ್ಮವರ ಹಾಗೆಯೇ. ಕೈಯಲ್ಲಿ ಪೆತುಲ್ಲ: ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದದ್ದು, ಮಗು ಹುಟ್ಟಿದ ಮನೆಗೆ ಇಲ್ಲಿನವರು ಕೊಡುವ ತಿಂಡಿ. ವಾಣಿಯನ್ನು ತೋರಿಸಿ 'ಲೆಹೋನ' ಎಂದರು. ಬಾಣಂತಿಗೆ ಇಲ್ಲಿ ಹಾಗೆನ್ನುತ್ತಾರಂತೆ. ಹೆಸರು ದ್ರಿತಾ, ನನ್ನ ಬಾಯಲ್ಲಿ ದ್ರಿತಮ್ಮ.

ವಾಣಿಗೆಂದು ತವರಿನಿಂದ ತಂದ ಮೊಳಕಾಲ್ಮುರು ಸೀರೆಯನ್ನು ಅವಳೇ ಎತ್ತಿಕೊಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು ಸೇರಿಸಿ ಉಡಿ ತುಂಬಲು ಹೋದವಳಿಗೆ, ದ್ರಿತಮ್ಮನಿಗೆ ಗಂಡನಿಲ್ಲ ಎಂದು ವಾಣಿ ಹೇಳಿದ್ದು ನೆನಪಾಗಿ ಕೈ ತಡೆಯಿತು. ಆಮೇಲೆ ಆ ಲೆಕ್ಕ ಶಿವನಿಗೆ ಬೇಕಿಲ್ಲ ಅನ್ನಿಸಿ ತುಂಬಿದೆ.

ಅಷ್ಟರಲ್ಲಿ ಅತ್ತೆಯ ವಿಡಿಯೊ ಕರೆ. ದೇವರ ದೀಪ ತೋರಿಸಿದರು. ಅದರ ಮುಂದೆ ನನ್ನ ಕುರ್ಚಿ ಖಾಲಿ. "ಅವ್ರ್ಯಾರಮ್ಮ, ಸೀರೆ ಹಿಡ್ಕಂಡು ಕೂತಿರೋದು?"

"ನಮ್ಮ ತವರಿನವರು, ಅತ್ತೆ."

ಪರದೇಶದಾಕೆಯನ್ನು ಹಾಗೆಂದುಬಿಟ್ಟೆನಲ್ಲ ಎಂದು ನನಗೇ ದಿಗಿಲಾಯಿತು. ಅತ್ತೆ, "ಅಲ್ಲೇ ತವರು ಸಿಕ್ತಾ? ಹಂಗಾದ್ರೆ ನೀನು ಬರ್ತೀಯಾ ಇಲ್ವಾ?" ಎಂದರು. ಬಾಣಂತನ ಮುಗಿದ ಕೂಡಲೇ ಬರುತ್ತೇನೆ ಎಂದೆ.

ತಮ್ಮ ಮನೆಗೆ ಹೊರಡುವಾಗ ದ್ರಿತಮ್ಮ ಬೀಗದ ಕೈಯನ್ನು ನನ್ನತ್ತ ಚಾಚಿದರು. ನಾನು ಅವರ ಬೆರಳುಗಳನ್ನು ಅದರ ಮೇಲೆ ಮಡಿಸಿ, ನಾನು ಹೋದ ಮೇಲೂ ನೀವೇ ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿದೆ. ಆಕೆ ತಲೆಯನ್ನು ಅಡ್ಡಡ್ಡ ಆಡಿಸಿದರು. ಇಲ್ಲಿ ಹಾಗೆಂದರೆ ಒಪ್ಪಿಗೆ ಎಂದು ವಾಣಿ ಹೇಳಿಕೊಟ್ಟಿದ್ದಾಳೆ. ನನ್ನ ಎದೆ ಮಾತ್ರ ಇನ್ನೂ ಊರಿನ ಲೆಕ್ಕದಲ್ಲೇ ಧಸಕ್ಕೆಂದಿತು.